ಮೊದಲ ಇಪ್ಪತ್ತೊಂದು ದಿನಗಳು

ಕೀಮೋಥೆರಪಿಯ ಒಂದು ಸುತ್ತನ್ನು ಆಸ್ಪತ್ರೆಗಳಲ್ಲಿ ‘ಸೈಕಲ್’ ಎನ್ನುತ್ತಾರೆ. ಸ್ತನ ಕ್ಯಾನ್ಸರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಈ ಸುತ್ತು 21 ದಿನಗಳದ್ದು: ಮೊದಲ ದಿನ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಗಳನ್ನು ರಕ್ತನಾಳದ ಮೂಲಕ ಕೊಟ್ಟು, ರೋಗಿಯನ್ನು ಮನೆಗೆ ಕಳುಹಿಸಿ, ಇಪ್ಪತ್ತೆರಡನೆಯ ದಿನ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ; ಸಾಮಾನ್ಯವಾಗಿ ಹೀಗೆ ನಾಲ್ಕು ಸುತ್ತು ನಡೆಯುತ್ತದೆ. ಔಷಧ ಒಳಹೋಗುವುದು ಕೆಲವೇ ಗಂಟೆಗಳ ಕೆಲಸವಾದ್ದರಿಂದ, ಉಳಿದ ದಿನಗಳನ್ನು ಬರಿಯ ಬಿಡುವೆಂದೋ ಹೇಗಾದರೂ ಅನುಭವಿಸಿ ಕಳೆಯಬೇಕಾದ ಶಿಕ್ಷೆಯೆಂದೋ ರೋಗಿಯೂ ಮನೆಯವರೂ ತಿಳಿಯುವುದುಂಟು. ವಾಸ್ತವದಲ್ಲಿ ಆ ಅಂತರವನ್ನು ಮೂಳೆಮಜ್ಜೆ ಚೇತರಿಸಿಕೊಳ್ಳುವ ವೇಗಕ್ಕೆ ಸರಿಯಾಗಿ ಗೊತ್ತುಮಾಡಲಾಗಿದೆ, ಮತ್ತು ಯಾವ ದಿನ ದೇಹದಲ್ಲಿ ಏನು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಮೊದಲೇ ತಿಳಿದಿರುವ ಸಂಗತಿ. ಮೊದಲ ಸುತ್ತಿನ ಭಯದಲ್ಲಿ ದೊಡ್ಡ ಪಾಲು ಈ ಲೆಕ್ಕ ಗೊತ್ತಿಲ್ಲದ್ದರಿಂದ ಹುಟ್ಟುವಂಥದು; ಮೊದಲ ಸುತ್ತಿನ ನಿಜವಾದ ಅಪಾಯವೂ ಇದೇ ಲೆಕ್ಕದೊಳಗೆ ಇದೆ.

ಲೆಕ್ಕದ ಕೇಂದ್ರದಲ್ಲಿರುವುದು ಬಿಳಿ ರಕ್ತಕಣ. ಈ ಔಷಧಗಳ ಚರಿತ್ರೆ ಶುರುವಾಗುವುದೂ ಅದರಿಂದಲೇ. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಅನಿಲಕ್ಕೆ ಸಿಕ್ಕ ಸೈನಿಕರ ರಕ್ತದಲ್ಲಿ ಬಿಳಿ ಕಣಗಳು ತೀರಾ ಇಳಿದಿದ್ದುದನ್ನು ಎಡ್ವರ್ಡ್ ಮತ್ತು ಹೆಲೆನ್ ಕ್ರುಂಭಾರ್ ದಂಪತಿ 1919ರಲ್ಲಿ ವರದಿ ಮಾಡಿದ್ದರು. ಬಿಳಿ ಕಣಗಳನ್ನು ಅಳಿಸುವ ವಸ್ತು ಅದೇ ವಂಶದ ಕಣಗಳಿಂದ ಹುಟ್ಟುವ ಕ್ಯಾನ್ಸರನ್ನೂ ಅಳಿಸಬೇಕಲ್ಲವೇ ಎಂಬ ತರ್ಕದ ಮೇಲೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಆ ಅನಿಲದ ಹತ್ತಿರದ ಬಂಧುವಾದ ನೈಟ್ರೋಜನ್ ಮಸ್ಟರ್ಡನ್ನು ಮೊದಲು ಇಲಿಗಳಲ್ಲಿ ಪರೀಕ್ಷಿಸಿದರು. 1942ರಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಿನಿಂದ ಬಳಲುತ್ತಿದ್ದ ರೋಗಿಯೊಬ್ಬರಿಗೆ ಅದನ್ನು ಕೊಡಲಾಯಿತು. ಗಡ್ಡೆಗಳು ಕೆಲವೇ ದಿನಗಳಲ್ಲಿ ಕರಗಿದವು, ಆಮೇಲೆ ಮರಳಿ ಬಂದವು. ಯುದ್ಧಕಾಲದ ಗೋಪ್ಯತೆಯ ಕಾರಣ ಈ ಕೆಲಸ ಪ್ರಕಟವಾದದ್ದು 1946ರಲ್ಲಿ. 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಬಾಂಬು ಬಿದ್ದಾಗ, ಅಮೆರಿಕದ ಹಡಗೊಂದರಲ್ಲಿದ್ದ ಮಸ್ಟರ್ಡ್ ಸೋರಿ ನೂರಾರು ಜನ ಗಾಯಗೊಂಡ ದುರಂತದಿಂದ ಕೀಮೋಥೆರಪಿ ಹುಟ್ಟಿತೆಂದು ಹಲವೆಡೆ ಬರೆದಿರುವುದು ಕಾಣುತ್ತದೆಯಾದರೂ, ಯೇಲ್‌ನ ಪ್ರಯೋಗ ಅದಕ್ಕಿಂತ ಒಂದು ವರ್ಷ ಹಿಂದಿನದು. ಬಾರಿಯ ಗಾಯಾಳುಗಳ ರಕ್ತವೂ ಅದೇ ಮಾತನ್ನು ಹೇಳಿತೆನ್ನುವುದು ಮಾತ್ರ ನಿಜ.

ಸೈಕ್ಲೊಫಾಸ್ಫಮೈಡ್ ಈ ನೈಟ್ರೋಜನ್ ಮಸ್ಟರ್ಡಿನ ನೇರ ಸಂತತಿ. 1950ರ ದಶಕದ ಕೊನೆಯಲ್ಲಿ ಜರ್ಮನಿಯ ನಾರ್ಬರ್ಟ್ ಬ್ರಾಕ್ ಮತ್ತು ಸಂಗಡಿಗರು ರೂಪಿಸಿದ ಈ ಔಷಧ, ಯಕೃತ್ತಿನಲ್ಲಿ ಮಾರ್ಪಾಡಾಗುವವರೆಗೆ ನಿಷ್ಕ್ರಿಯವಾಗಿಯೇ ಇರುತ್ತದೆ. ಡಾಕ್ಸೊರುಬಿಸಿನ್ ಬಂದದ್ದು ಮಣ್ಣಿನಿಂದ. ಬಾರಿ ನಗರವಿರುವ ಅಪೂಲಿಯಾ ಪ್ರಾಂತ್ಯದಲ್ಲೇ, ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಬಳಿ ಸಿಕ್ಕ ಮಣ್ಣಿನ ಸೂಕ್ಷ್ಮಜೀವಿಯೊಂದು ಕಡುಗೆಂಪು ಬಣ್ಣದ ವಸ್ತುವನ್ನು ಸ್ರವಿಸುತ್ತಿತ್ತು. ಅದರ ಮಾರ್ಪಟ್ಟ ತಳಿಯಿಂದ ಇಟಲಿಯ ವಿಜ್ಞಾನಿಗಳು 1960ರ ದಶಕದಲ್ಲಿ ಈ ಔಷಧವನ್ನು ಬೇರ್ಪಡಿಸಿ, ಪಕ್ಕದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಎಂದು ಕರೆದರು. ವಾರ್ಡುಗಳಲ್ಲಿ ರೋಗಿಗಳು ‘ಕೆಂಪು ಔಷಧ’ ಎಂದು ಹೆದರುತ್ತ ಹೇಳುವುದು ಇದನ್ನೇ. ಔಷಧ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುವುದು ಈ ಬಣ್ಣದಿಂದ, ರಕ್ತದಿಂದಲ್ಲ; ಈ ಒಂದು ಮಾತನ್ನು ಮೊದಲೇ ಹೇಳಿ ಕಳುಹಿಸಿದರೆ ಎಷ್ಟೋ ಮನೆಗಳಲ್ಲಿ ಮೊದಲ ರಾತ್ರಿಯ ಗಾಬರಿ ತಪ್ಪುತ್ತದೆ.

ಎರಡೂ ಔಷಧಗಳ ಗುರಿ ಜೀವಕೋಶದೊಳಗಿನ ಡಿಎನ್‌ಎ. ಸೈಕ್ಲೊಫಾಸ್ಫಮೈಡ್ ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಡಾಕ್ಸೊರುಬಿಸಿನ್ ಎಳೆಗಳ ನಡುವೆ ತೂರಿಕೊಂಡು, ಡಿಎನ್‌ಎಯ ಸಿಕ್ಕನ್ನು ಕತ್ತರಿಸಿ ಬಿಡಿಸಿ ಮತ್ತೆ ಜೋಡಿಸುವ ಕಿಣ್ವವನ್ನು, ಅಂದರೆ ಆ ಕೆಲಸ ಮಾಡುವ ಪ್ರೋಟೀನನ್ನು, ಕತ್ತರಿಸಿದ ಸ್ಥಿತಿಯಲ್ಲೇ ತಡೆದು ನಿಲ್ಲಿಸುತ್ತದೆ. ಸುಮ್ಮನಿರುವ ಜೀವಕೋಶಕ್ಕೆ ಇಂಥ ಹಾನಿಯನ್ನು ದುರಸ್ತಿ ಮಾಡಿಕೊಳ್ಳಲು ಸಮಯವಿರುತ್ತದೆ. ವಿಭಜನೆಗೆ ಹೊರಟ ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಲಾಗದೆ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡದೆ ವಿಭಜಿಸುವುದರಿಂದ ಹೆಚ್ಚಾಗಿ ಸಿಕ್ಕಿಬೀಳುತ್ತವೆ, ಆದರೆ ದೇಹದಲ್ಲಿ ಬೇಗಬೇಗ ವಿಭಜಿಸುವುದು ಅವು ಮಾತ್ರವಲ್ಲ: ಮೂಳೆಮಜ್ಜೆ ದಿನವೊಂದಕ್ಕೆ ಸುಮಾರು 10,000 ಕೋಟಿ ಬಿಳಿ ಕಣಗಳನ್ನು ಹೊಸದಾಗಿ ಮಾಡುತ್ತದೆ, ಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಬದಲಾಗುತ್ತದೆ, ತಲೆಗೂದಲಿನ ಬುಡಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಯಾವಾಗಲೂ ಬೆಳೆಯುವ ಹಂತದಲ್ಲೇ ಇರುತ್ತವೆ. ರಕ್ತ, ಬಾಯಿ, ಕರುಳು, ಕೂದಲು ಎಂಬ ಈ ನಾಲ್ಕು ಕಡೆ ಕಾಣುವ ಅಡ್ಡಪರಿಣಾಮಗಳೆಲ್ಲ ಒಂದೇ ಕಾರಣದ ಫಲ.

ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಔಷಧ ಕೊಟ್ಟು ಕೆಲಸ ಮುಗಿಸಬಾರದೇ ಎಂಬ ಪ್ರಶ್ನೆ ಬಹಳ ರೋಗಿಗಳದು. ಅಮೆರಿಕದ ಹೊವಾರ್ಡ್ ಸ್ಕಿಪ್ಪರ್ 1960ರ ದಶಕದಲ್ಲಿ ಇಲಿಗಳ ರಕ್ತ ಕ್ಯಾನ್ಸರಿನ ಮೇಲೆ ಮಾಡಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಒಂದು ಪ್ರಮಾಣದ ಔಷಧ ಇಂತಿಷ್ಟು ಕೋಶಗಳನ್ನು ಕೊಲ್ಲುವುದಿಲ್ಲ, ಇರುವುದರಲ್ಲಿ ಇಂತಿಷ್ಟು ಪಾಲನ್ನು ಕೊಲ್ಲುತ್ತದೆ ಎಂದು ಅವರು ತೋರಿಸಿದರು. ಒಂದು ಸೆಂಟಿಮೀಟರ್ ಅಗಲದ ಗಡ್ಡೆಯಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ 99.9ರಷ್ಟು ಸತ್ತರೂ 10 ಲಕ್ಷ ಉಳಿಯುತ್ತವೆ, ಮತ್ತು ಅವು ಮತ್ತೆ ಬೆಳೆಯತೊಡಗುತ್ತವೆ. ಎರಡನೆಯ ಏಟಿಗೆ 1000, ಮೂರನೆಯದಕ್ಕೆ ಒಂದು. ಮನುಷ್ಯರ ಗಡ್ಡೆಗಳು ಇಷ್ಟು ನೇರವಾಗಿ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಅವುಗಳಲ್ಲಿ ವಿಭಜಿಸದೆ ಮಲಗಿರುವ ಕೋಶಗಳೂ ಔಷಧಕ್ಕೆ ಬಗ್ಗದ ಕೋಶಗಳೂ ಇರುತ್ತವೆ. ಆದರೂ ಏಟಿನ ಮೇಲೆ ಏಟು ಬೀಳಬೇಕು, ಎರಡು ಏಟುಗಳ ನಡುವೆ ಮೂಳೆಮಜ್ಜೆ ಎದ್ದು ನಿಲ್ಲುವಷ್ಟು ಮಾತ್ರ ಬಿಡುವಿರಬೇಕು ಎಂಬ ತತ್ವ ಇಲ್ಲಿಂದ ಬಂತು. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನು ಪೂರ್ತಿ ತೆಗೆದ ಮೇಲೂ ಕೀಮೋ ಏಕೆ ಎಂಬ ಇನ್ನೊಂದು ಪ್ರಶ್ನೆಗೂ ಇದೇ ಲೆಕ್ಕದಲ್ಲಿ ಉತ್ತರವಿದೆ: ಯಾವ ಸ್ಕ್ಯಾನಿನಲ್ಲೂ ಕಾಣದಷ್ಟು ಸಣ್ಣ ಗುಂಪುಗಳಾಗಿ ಕೋಶಗಳು ಬೇರೆಡೆ ಉಳಿದಿರಬಹುದು, ಮತ್ತು ಅವು ಕಡಿಮೆ ಇರುವಾಗಲೇ ಅಳಿಸುವುದು ಸುಲಭ. ಶಸ್ತ್ರಚಿಕಿತ್ಸೆಯ ನಂತರದ ಕೀಮೋ ಸ್ತನ ಕ್ಯಾನ್ಸರ್ ಮರುಕಳಿಸುವುದನ್ನು ಕಡಿಮೆ ಮಾಡುತ್ತದೆಂದು ಮಿಲಾನಿನ ಜಾನ್ನಿ ಬೊನಡೊನ್ನಾ 1976ರಲ್ಲಿ ತೋರಿಸಿದರು.

ಮೊದಲ ದಿನಕ್ಕೆ ಮುಂಚೆ ಮಾಡಿಸುವ ಪರೀಕ್ಷೆಗಳೆಲ್ಲ ಈ ಔಷಧಗಳ ಸ್ವಭಾವದಿಂದಲೇ ಗೊತ್ತಾಗುತ್ತವೆ. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲದಾದ್ದರಿಂದ ಎಕೋ, ಔಷಧ ಕರಗಿ ಹೋಗಬೇಕಾದದ್ದು ಯಕೃತ್ತು ಮೂತ್ರಪಿಂಡಗಳ ಮೂಲಕವಾದ್ದರಿಂದ ರಕ್ತಪರೀಕ್ಷೆ, ಸೋಂಕಿನ ಮೂಲವಾಗಬಹುದಾದ ಹುಳುಕು ಹಲ್ಲಿದ್ದರೆ ದಂತವೈದ್ಯರ ಭೇಟಿ. ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಆ ಮಾತನ್ನು ಸಂಕೋಚ ಬಿಟ್ಟು ಮೊದಲ ಡ್ರಿಪ್‌ಗಿಂತ ಮುಂಚೆಯೇ ವೈದ್ಯರೊಡನೆ ಎತ್ತಬೇಕು, ಏಕೆಂದರೆ ಸೈಕ್ಲೊಫಾಸ್ಫಮೈಡ್ ಅಂಡಾಶಯವನ್ನು ಘಾಸಿಗೊಳಿಸುತ್ತದೆ ಮತ್ತು ಅದಕ್ಕೆ ಇರುವ ದಾರಿಗಳೆಲ್ಲ ಚಿಕಿತ್ಸೆಗೆ ಮೊದಲು ತೆರೆದಿರುವಂಥವು. ಆ ದಿನ ಬೆಳಿಗ್ಗೆ ದಾದಿಯರು ಎತ್ತರ ತೂಕಗಳನ್ನು ಅಳೆಯುವುದು ಔಪಚಾರಿಕತೆಗಲ್ಲ. ಪ್ರಮಾಣವನ್ನು ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ ನಿರ್ಧರಿಸುತ್ತಾರೆ: 155 ಸೆಂಟಿಮೀಟರ್ ಎತ್ತರ, 52 ಕಿಲೋ ತೂಕದ ಮಹಿಳೆಯ ಮೇಲ್ಮೈ ಸುಮಾರು 1.5 ಚದರ ಮೀಟರ್. ಚದರ ಮೀಟರಿಗೆ 60 ಮಿಲಿಗ್ರಾಂನಂತೆ ಡಾಕ್ಸೊರುಬಿಸಿನ್ 90 ಮಿಲಿಗ್ರಾಂ, 600 ಮಿಲಿಗ್ರಾಂನಂತೆ ಸೈಕ್ಲೊಫಾಸ್ಫಮೈಡ್ 900 ಮಿಲಿಗ್ರಾಂ.

ಕೆಂಪು ಔಷಧವನ್ನು ಹೆಚ್ಚಿನ ಕಡೆ ದಾದಿಯೇ ಪಕ್ಕದಲ್ಲಿ ಕುಳಿತು, ಸಲೈನ್ ಹರಿಯುತ್ತಿರುವಂತೆಯೇ, ನಿಧಾನವಾಗಿ ಕೊಡುತ್ತಾರೆ. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನು ಸುಟ್ಟು ಹುಣ್ಣು ಮಾಡುತ್ತದೆ. ಆದ್ದರಿಂದ ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ನೋವು, ಊತ ಏನೇ ಕಂಡರೂ ತಡೆದುಕೊಂಡು ಕೂರಬಾರದು, ಆ ಕ್ಷಣವೇ ಹೇಳಬೇಕು. ‘ಸುಮ್ಮನೆ ಅವರಿಗೆ ತೊಂದರೆ ಏಕೆ’ ಎಂಬ ನಮ್ಮ ಹೆಣ್ಣುಮಕ್ಕಳ ಸೌಜನ್ಯ ಇಲ್ಲಿ ಹಾನಿಕರ. ಸೈಕ್ಲೊಫಾಸ್ಫಮೈಡಿನ ಒಂದು ಉಪಉತ್ಪನ್ನ ಮೂತ್ರಕೋಶವನ್ನು ಕೆರಳಿಸುವುದರಿಂದ, ಆ ದಿನವೂ ಮರುದಿನವೂ ಧಾರಾಳವಾಗಿ ನೀರು ಕುಡಿದು ಆಗಾಗ ಮೂತ್ರ ಮಾಡಬೇಕು. ಸುಮಾರು ಎರಡು ದಿನ ಔಷಧದ ಅಂಶ ಮೂತ್ರ ಮಲ ವಾಂತಿಗಳಲ್ಲಿ ಹೊರಬರುವುದರಿಂದ ಅವನ್ನು ಶುಚಿಮಾಡುವವರು ಕೈಗವಸು ಹಾಕಿಕೊಂಡರೆ ಸಾಕು. ತಟ್ಟೆ ಲೋಟ ಬೇರೆಯಿಡುವುದಕ್ಕೂ ಮಕ್ಕಳನ್ನು ದೂರವಿಡುವುದಕ್ಕೂ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಕ್ಯಾನ್ಸರ್ ಅಂಟುರೋಗವಲ್ಲ, ಮತ್ತು ಮೊದಲ ವಾರದಲ್ಲಿ ಮಗುವೊಂದು ಬಳಿ ಬಂದು ಕೂರದೆ ಇದ್ದುದರ ನೋವು ಔಷಧದ ಸುಸ್ತಿಗಿಂತ ದೊಡ್ಡದಾಗಬಲ್ಲದು.

ವಾಂತಿಯ ವಿಷಯದಲ್ಲಿ ಜನರ ಮನಸ್ಸಿನಲ್ಲಿರುವ ಚಿತ್ರ ಮೂವತ್ತು ನಲವತ್ತು ವರ್ಷ ಹಳೆಯದು. ದೇಹದ ಸೆರೊಟೋನಿನ್ ಎಂಬ ಸಂದೇಶವಾಹಕ ವಸ್ತುವಿನಲ್ಲಿ ನೂರಕ್ಕೆ 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನ ಗೋಡೆಯಲ್ಲಿ. ಔಷಧದಿಂದ ಗಾಸಿಗೊಂಡ ಕರುಳಿನ ಕೋಶಗಳು ಈ ಸೆರೊಟೋನಿನನ್ನು ಚೆಲ್ಲಿದಾಗ, ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರ ಅದನ್ನು ಗ್ರಹಿಸಿ ವಾಂತಿಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೊದಲ ದಿನದ ವಾಂತಿ ಮುಖ್ಯವಾಗಿ ಇದು. ಎರಡನೆಯ ದಿನದಿಂದ ಐದನೆಯ ದಿನದವರೆಗಿನ ವಾಕರಿಕೆಯಲ್ಲಿ ಮಿದುಳಿನೊಳಗೇ ಕೆಲಸ ಮಾಡುವ ಸಬ್‌ಸ್ಟನ್ಸ್ ಪಿ ಎಂಬ ಬೇರೊಂದು ವಸ್ತುವಿನ ಪಾತ್ರ ಹಿರಿದು. ಮೊದಲನೆಯದನ್ನು ತಡೆಯುವ ಆಂಡನ್‌ಸೆಟ್ರಾನ್ 1990ರ ದಶಕದ ಆರಂಭದಲ್ಲೂ, ಎರಡನೆಯದನ್ನು ತಡೆಯುವ ಅಪ್ರೆಪಿಟಂಟ್ 2003ರಲ್ಲೂ ಬಳಕೆಗೆ ಬಂದವು. ಇವುಗಳ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನೂ ಓಲಾಂಜಪಿನ್ ಎಂಬ ಮಾತ್ರೆಯನ್ನೂ ಕೊಡುತ್ತಾರೆ. ಓಲಾಂಜಪಿನ್ ಮೂಲತಃ ಮನೋರೋಗದ ಔಷಧವಾದ್ದರಿಂದ, ಮೊಬೈಲಿನಲ್ಲಿ ಅದರ ಹೆಸರು ಹುಡುಕಿ ನೋಡಿದ ಮನೆಯವರು ಗಾಬರಿಯಾಗಿ ಮಾತ್ರೆಯನ್ನೇ ನಿಲ್ಲಿಸಿಬಿಡುವುದುಂಟು. ವಾಂತಿಯ ಕೇಂದ್ರದಲ್ಲಿ ಹಲವು ಬಗೆಯ ಸಂದೇಶಗಳನ್ನು ಒಟ್ಟಿಗೆ ತಡೆಯುವ ಗುಣ ಅದಕ್ಕಿರುವುದರಿಂದಷ್ಟೇ ಅದನ್ನು ಇಲ್ಲಿ ಕೊಡುವುದು. 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ಫಲ ಕುಗ್ಗುವುದಿಲ್ಲ, ಹಗಲಿನ ಮಂಪರು ಕಡಿಮೆಯಾಗುತ್ತದೆ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2024ರಲ್ಲಿ ಪ್ರಕಟಿಸಿದರು.

ಈ ಮಾತ್ರೆಗಳ ಬಗ್ಗೆ ಮುಖ್ಯವಾದ ಮಾತೆಂದರೆ ಅವನ್ನು ಹೊಟ್ಟೆ ತೊಳಸಿದ ಮೇಲೆ ನುಂಗುವುದಲ್ಲ, ಚೀಟಿಯಲ್ಲಿ ಬರೆದ ಹೊತ್ತಿಗೆ, ಆರಾಮವಾಗಿರುವಾಗಲೂ ನುಂಗಬೇಕು. ಮೊದಲ ಸುತ್ತಿನಲ್ಲಿ ವಾಂತಿ ಜೋರಾಗಿದ್ದವರಿಗೆ, ಎರಡನೆಯ ಸುತ್ತಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ, ಫಿನಾಯಿಲಿನ ವಾಸನೆ ಮೂಗಿಗೆ ಬಡಿದೊಡನೆಯೇ ವಾಕರಿಕೆ ಬರತೊಡಗುತ್ತದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ಪಾವ್ಲೋವರ ನಾಯಿಯಂತೆ ಮಿದುಳು ವಾಸನೆಯನ್ನೂ ವಾಂತಿಯನ್ನೂ ಗಂಟುಹಾಕಿಬಿಟ್ಟಿರುತ್ತದೆ. ಒಮ್ಮೆ ಬಿದ್ದ ಈ ಗಂಟನ್ನು ಮಾತ್ರೆಗಳು ಸುಲಭವಾಗಿ ಬಿಚ್ಚಲಾರವು. ಅದು ಬೀಳದಂತೆ ತಡೆಯಲು ಇರುವ ಅವಕಾಶ ಮೊದಲ ಸುತ್ತೊಂದೇ. ಹಾಗಾಗಿ ಮಾತ್ರೆ ತೆಗೆದುಕೊಂಡೂ ವಾಂತಿ ನಿಲ್ಲದಿದ್ದರೆ ಸಹಿಸದೆ ಆಸ್ಪತ್ರೆಗೆ ಫೋನ್ ಮಾಡುವುದು ಮುಂದಿನ ಮೂರು ಸುತ್ತುಗಳನ್ನೂ ಹಗುರಗೊಳಿಸುವ ಕೆಲಸ. ಊಟದ ವಿಷಯ ಸರಳ: ಒಗ್ಗರಣೆಯ ಘಾಟಿನಿಂದ ದೂರ ಕುಳಿತು, ಗಂಜಿ, ಮೊಸರನ್ನ, ಇಡ್ಲಿ, ರಾಗಿ ಅಂಬಲಿಯಂಥದನ್ನು ಆರಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ. ಯಾರೋ ಹೇಳಿದ ಕಷಾಯ, ಬೇರು, ಎಲೆಯ ರಸಗಳನ್ನು ವೈದ್ಯರಿಗೆ ತಿಳಿಸದೆ ಕುಡಿಯಬಾರದು, ಏಕೆಂದರೆ ಔಷಧವನ್ನು ಮಾರ್ಪಡಿಸುವ ಯಕೃತ್ತಿನ ಕಿಣ್ವಗಳನ್ನು ಮೂಲಿಕೆಗಳೂ ಕದಡಬಲ್ಲವು.

ಸ್ಟಿರಾಯ್ಡಿನ ಬಲದಲ್ಲಿ ಮೊದಲ ಮೂರು ದಿನ ರೋಗಿ ಗೆಲುವಾಗಿರುತ್ತಾರೆ, ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಾರೆ, ಮಧುಮೇಹವಿದ್ದರೆ ಸಕ್ಕರೆ ಏರುತ್ತದೆ. ಅದು ನಿಂತ ನಾಲ್ಕೈದನೆಯ ದಿನ ಸುಸ್ತು ಒಮ್ಮೆಲೇ ಬಂದು ಬೀಳುತ್ತದೆ. ರೋಗ ಉಲ್ಬಣಿಸಿತೆಂದು ಅಂದುಕೊಳ್ಳಬೇಕಾಗಿಲ್ಲ. ಅಂಗಳದಲ್ಲಿ ದಿನಕ್ಕೆರಡು ಬಾರಿ ಹತ್ತು ನಿಮಿಷ ನಡೆದಾಡುವವರಲ್ಲಿ ಈ ಸುಸ್ತು, ಮಲಗಿಯೇ ಇರುವವರಿಗಿಂತ ಬೇಗ ಇಳಿಯುತ್ತದೆ. ಬಾಯಿಯಲ್ಲಿ ಹುಣ್ಣೇಳುವುದಾದರೆ ಅದು ಮೊದಲ ವಾರದ ಕೊನೆಗೆ. ಮೆದುವಾದ ಬ್ರಷ್ಷು, ಉಪ್ಪುನೀರಿನಿಂದ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು, ಖಾರಕ್ಕೆ ಸ್ವಲ್ಪ ದಿನ ರಜೆ, ಇಷ್ಟರಲ್ಲಿ ಹೆಚ್ಚಿನವರಿಗೆ ತಡೆದುಕೊಳ್ಳುವಷ್ಟಾಗುತ್ತದೆ.

ಇನ್ನು ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗಿನ ವಾರ. ಹೊರಗಿನಿಂದ ನೋಡಿದರೆ ಇದು ಚೇತರಿಕೆಯ ವಾರ: ವಾಕರಿಕೆ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ನೆಂಟರು ಕಿತ್ತಳೆ ಹಿಡಿದು ನೋಡಲು ಬರುತ್ತಿರುತ್ತಾರೆ. ರಕ್ತದೊಳಗೆ ಮಾತ್ರ ಇದೇ ಅತ್ಯಂತ ಕೆಳಗಿನ ಹಂತ. ಬಿಳಿ ಕಣಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವ ಬಗೆಗೆ ನ್ಯೂಟ್ರೋಫಿಲ್ ಎಂದು ಹೆಸರು. ರಕ್ತಕ್ಕೆ ಬಂದ ಮೇಲೆ ಅದರ ಆಯುಷ್ಯ ಗಂಟೆಗಳ ಲೆಕ್ಕದ್ದು. ಔಷಧ ಅಳಿಸುವುದು ಮಜ್ಜೆಯಲ್ಲಿ ವಿಭಜಿಸುತ್ತಿರುವ ಎಳೆಯ ಕೋಶಗಳನ್ನು, ಆಗಲೇ ಬಲಿತು ನಿಂತವುಗಳನ್ನಲ್ಲ. ಕಣಜದಲ್ಲಿರುವ ಹಳೆಯ ದಾಸ್ತಾನು ಸುಮಾರು ಒಂದು ವಾರ ಸಾಕಾಗುತ್ತದೆ, ಅದು ತೀರುವ ಹೊತ್ತಿಗೆ ಹೊಸ ಬೆಳೆ ಇನ್ನೂ ಬಂದಿರುವುದಿಲ್ಲ. ಕೊರತೆ ಎರಡನೆಯ ವಾರದಲ್ಲಿ ಕಾಣುವುದು ಅದಕ್ಕೇ. ಮಜ್ಜೆಯ ಆಳದಲ್ಲಿ ವಿಭಜಿಸದೆ ಸುಮ್ಮನಿದ್ದ ಮೂಲಕೋಶಗಳು ಔಷಧದಿಂದ ಪಾರಾಗಿ ಮತ್ತೆ ಬಿತ್ತನೆ ಶುರುಮಾಡುವುದರಿಂದ ಮೂರನೆಯ ವಾರದ ಕೊನೆಗೆ ಕಣಜ ತುಂಬುತ್ತದೆ. ಇಪ್ಪತ್ತೊಂದು ದಿನಗಳ ಲೆಕ್ಕ ಇದು.

ರಕ್ತಪರೀಕ್ಷೆಯ ಚೀಟಿಯಿಂದ ಯಾರು ಬೇಕಾದರೂ ಈ ಸಂಖ್ಯೆಯನ್ನು ಕಂಡುಕೊಳ್ಳಬಹುದು. ಒಟ್ಟು ಬಿಳಿ ಕಣಗಳು ಮೈಕ್ರೋಲೀಟರಿಗೆ 1,800 ಇದ್ದು, ಅವುಗಳಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 20 ಎಂದಿದ್ದರೆ, ನ್ಯೂಟ್ರೋಫಿಲ್‌ಗಳ ಸಂಖ್ಯೆ 360. ಐನೂರಕ್ಕಿಂತ ಕೆಳಗೆ ಇಳಿದಾಗ ಸೋಂಕಿನ ಅಪಾಯ ಬಹಳ ಹೆಚ್ಚು. ಹೊರಗಿನವರಿಂದ ಬರುವ ನೆಗಡಿ ಕೆಮ್ಮುಗಳಿಂದ ದೂರವಿರುವುದು, ಕೈತೊಳೆಯುವುದು, ಬೇಯಿಸಿದ ಬಿಸಿ ಊಟ, ಕುದಿಸಿ ಆರಿಸಿದ ನೀರು, ಇವೆಲ್ಲ ಬೇಕಾದವೇ. ಆದರೆ ಅಪಾಯ ತರುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ರೋಗಿಯ ಸ್ವಂತ ಕರುಳಿನಲ್ಲಿ ಮೊದಲಿನಿಂದ ಇದ್ದಂಥವು, ಸವೆದ ಕರುಳಿನ ಪದರವನ್ನು ದಾಟಿ ರಕ್ತಕ್ಕೆ ಇಳಿಯುವಂಥವು. ಎಷ್ಟೇ ಎಚ್ಚರವಾಗಿದ್ದರೂ ಸೋಂಕು ತಗಲಬಹುದು, ಅದು ಯಾರ ತಪ್ಪೂ ಅಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಾಯ ಕೆಂಪಾಗುವುದು, ಕೀವು ತುಂಬುವುದು, ಕಫ ಹಳದಿಯಾಗುವುದು ಮುಂತಾಗಿ ಸೋಂಕಿನ ಗುರುತುಗಳೆಂದು ತಿಳಿದಿರುವವೆಲ್ಲ ಬಹುಮಟ್ಟಿಗೆ ನ್ಯೂಟ್ರೋಫಿಲ್‌ಗಳೇ ಉಂಟುಮಾಡುವಂಥವು. ಅವು ಇಲ್ಲದ ದೇಹದಲ್ಲಿ ಸೋಂಕು ಸದ್ದಿಲ್ಲದೆ ಹರಡುತ್ತದೆ. ಉಳಿಯುವ ಸೂಚನೆ ಜ್ವರವೊಂದೇ, ಕೆಲವೊಮ್ಮೆ ಬರಿಯ ಚಳಿ ನಡುಕ. ನಾಲಿಗೆಯಡಿ ಇಟ್ಟ ಥರ್ಮಾಮೀಟರು 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಬೇರೆ ದಿನಗಳಲ್ಲಿ ಯಾರೂ ಲೆಕ್ಕಿಸದ ಆ ಸಣ್ಣ ಜ್ವರ ಎರಡನೆಯ ವಾರದಲ್ಲಿ ತುರ್ತು ಪರಿಸ್ಥಿತಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಸೇರಬೇಕೆಂಬುದು ಜಗತ್ತಿನೆಲ್ಲೆಡೆಯ ನಿಯಮ. ಬೆಳಗಾಗಲಿ ನೋಡೋಣ ಎಂದು ತಳ್ಳಿದ ರಾತ್ರಿಯೊಂದರಲ್ಲಿ ಜೀವ ಹೋಗಬಹುದು. ಮನೆಯಲ್ಲಿ ಸದಾ ಇರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಜ್ವರ ಅಳೆಯದೆ ನುಂಗಿಬಿಟ್ಟರೆ, ಸೋಂಕು ಹಾಗೆಯೇ ಇದ್ದು ಇರುವ ಒಂದೇ ಸೂಚನೆಯೂ ಅಳಿಸಿಹೋಗುತ್ತದೆ. ಅಪಾಯ ಹೆಚ್ಚೆಂದು ಕಂಡವರಿಗೆ ಮಜ್ಜೆಯನ್ನು ಪ್ರಚೋದಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದನ್ನು ಕೀಮೋ ಮುಗಿದ ಮರುದಿನದಿಂದ ಕೊಡುತ್ತಾರೆ. ಆಮೇಲೆ ಸೊಂಟ, ಎದೆಮೂಳೆಗಳಲ್ಲಿ ಕಾಣುವ ನೋವು ಮಜ್ಜೆ ಕೆಲಸಕ್ಕೆ ತೊಡಗಿದ್ದರ ಲಕ್ಷಣ.

ಕೂದಲು ಉದುರುವುದು ಎರಡು ಮೂರನೆಯ ವಾರದಲ್ಲಿ, ಮಜ್ಜೆ ಚೇತರಿಸಿಕೊಳ್ಳುತ್ತಿರುವ ಹೊತ್ತಿನಲ್ಲಿ. ಈ ಔಷಧಕ್ರಮದಲ್ಲಿ ಅದು ಹೆಚ್ಚುಕಡಿಮೆ ಖಚಿತ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸ್ನಾನದ ನೀರಿನಲ್ಲಿ ಮುಷ್ಟಿ ಮುಷ್ಟಿಯಾಗಿ ಬರುವ ಕೂದಲನ್ನು ನೋಡುವುದಕ್ಕಿಂತ ಮೊದಲೇ ಗಿಡ್ಡವಾಗಿ ಕತ್ತರಿಸಿಕೊಂಡರೆ ಆ ನೋಟದ ಕಾಠಿಣ್ಯ ತುಸು ಕಡಿಮೆಯಾಗುತ್ತದೆಂದು ಅನೇಕರ ಅನುಭವ. ಮುಡಿಗೂ ಹೂವಿಗೂ ಮುತ್ತೈದೆತನಕ್ಕೂ ನಂಟು ಕಟ್ಟಿರುವ ಸಮಾಜದಲ್ಲಿ ಇದನ್ನು ‘ಕೂದಲು ತಾನೆ, ಮತ್ತೆ ಬರುತ್ತದೆ’ ಎಂದು ತಳ್ಳಿಹಾಕುವುದು ಸರಿಯಲ್ಲ. ಮತ್ತೆ ಬರುತ್ತದೆ ಎಂಬುದು ನಿಜವೇ. ಕೊನೆಯ ಸುತ್ತು ಮುಗಿದ ಕೆಲವು ವಾರಗಳಲ್ಲಿ ಚಿಗುರತೊಡಗುತ್ತದೆ.

ಇಪ್ಪತ್ತೊಂದನೆಯ ದಿನದ ಸುಮಾರಿಗೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ‘ಕೌಂಟ್ ಕಮ್ಮಿ ಇದೆ, ಮುಂದಿನ ವಾರ ಬನ್ನಿ’ ಎಂದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ. ಕಣಜ ತುಂಬಲು ಆ ದೇಹಕ್ಕೆ ಇನ್ನಷ್ಟು ದಿನ ಬೇಕಾಗಿದೆ ಎಂದಷ್ಟೇ.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಇಂದಿಗೂ ಕಲಬುರಗಿ, ರಾಯಚೂರು, ಬೀದರಿನ ಕಡೆಯಿಂದ ರಾತ್ರಿಯಿಡೀ ರೈಲು ಬಸ್ಸುಗಳಲ್ಲಿ ಪ್ರಯಾಣ ಮಾಡಿ ಬರುವವರಿದ್ದಾರೆ. ಔಷಧ ಏರಿಸಿಕೊಂಡು ಅವರು ಊರು ಸೇರಿದ ಒಂಬತ್ತನೆಯ ಅಥವಾ ಹತ್ತನೆಯ ದಿನ, ನಡುರಾತ್ರಿಯಲ್ಲಿ ಜ್ವರ ಬಂದರೆ ಬೆಂಗಳೂರು ದೂರ. ಆದ್ದರಿಂದ ಮೊದಲ ಡ್ರಿಪ್‌ಗೆ ಹೊರಡುವ ಮುನ್ನವೇ ಪ್ರತಿ ಮನೆಯಲ್ಲೂ ಒಂದು ಡಿಜಿಟಲ್ ಥರ್ಮಾಮೀಟರ್ ತಂದಿಟ್ಟಿರಬೇಕು, ಆಸ್ಪತ್ರೆಯ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿರಬೇಕು, ರಾತ್ರಿ ಹೊತ್ತಿನಲ್ಲಿ ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಡಬಲ್ಲ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಕರೆದೊಯ್ಯುವ ವಾಹನ ಯಾರದು ಎಂಬುದನ್ನು ಹಗಲಲ್ಲೇ ಗೊತ್ತುಮಾಡಿಕೊಂಡಿರಬೇಕು. ಅಲ್ಲಿನ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು ‘ಜ್ವರ’ ಎಂದಲ್ಲ, ‘ಹತ್ತು ದಿನದ ಹಿಂದೆ ಕೀಮೋ ಆಗಿದೆ’ ಎಂದು.